8ನೇ ಕ್ಲಾಸಿನ ಮಗಳ ನೊರೆ ಪ್ರಯೋಗ, ಒಂದೇ ಎ3 ಹಾಳೆ. ಏನು ಹಾಕೋದು, ಏನು ಬಿಡೋದು?

ಚಿಂತಾಮಣಿ ಅಪ್ಪ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮಗಳು 8ನೇ ಕ್ಲಾಸು, ಕನ್ನಡ ಮೀಡಿಯಂ. ಶನಿವಾರ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಇದೆ. ಈ ಸಲ ಅವರ ಮೇಡಂ ಹೊಸ ನಿಯಮ ಮಾಡಿದ್ದಾರೆ. ಸೋಡಾ ಹಾಕಿದ ಜ್ವಾಲಾಮುಖಿ, ಥರ್ಮಾಕೋಲ್ ಸೌರಮಂಡಲ ಯಾವುದೂ ಬೇಡ. ಮನೆಯಲ್ಲೇ ಒಂದು ಪ್ರಯೋಗ ಮಾಡಿ, ಅದನ್ನು ಒಂದೇ ಒಂದು ಎ3 ಹಾಳೆಯಲ್ಲಿ ತೋರಿಸಬೇಕು. ಒಂದು ಡೆಸ್ಕಿಗೆ ಇಬ್ಬರು ಮಕ್ಕಳು, ಇರುವ ಜಾಗವೇ ಅಷ್ಟು.

ಪ್ರಯೋಗ ಮುಗಿದಿದೆ. ನಮ್ಮ ಬೋರ್‌ವೆಲ್ ನೀರು ಬಹಳ ಗಡಸು. ಸೋಪು ಎಷ್ಟು ಉಜ್ಜಿದರೂ ನೊರೆ ಬರಲ್ಲ, ಬೇಳೆ ಸರಿಯಾಗಿ ಬೇಯಲ್ಲ. ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದೆ. ಅದಕ್ಕೆ ಅವಳು ನಾಲ್ಕು ಥರದ ನೀರು ತಗೊಂಡಳು. ಒಂದೇ ಅಳತೆಯ ನಾಲ್ಕು ಅರ್ಧ ಲೀಟರ್ ಬಾಟಲಿ, ಒಂದೊಂದಕ್ಕೆ 100 ಎಂಎಲ್ ನೀರು. ಮೈಸೋಪು ತುರಿದು ಬಿಸಿನೀರಲ್ಲಿ ಕರಗಿಸಿ, ಸೂಜಿ ಇಲ್ಲದ ಸಿರಿಂಜಿನಲ್ಲಿ 5 ಎಂಎಲ್ ಹಾಕಿದಳು. ಮುಚ್ಚಳ ಬಿಗಿದು 20 ಸಲ ಕುಲುಕಿ, ಅರ್ಧ ನಿಮಿಷ ಬಿಟ್ಟು, ಸ್ಕೇಲು ಹಿಡಿದು ನೊರೆ ಅಳೆದಳು. ಸೆಂಟಿಮೀಟರಿನಲ್ಲಿ ಬಂದದ್ದು ಇಷ್ಟು:

ಬೋರ್‌ವೆಲ್ ನೀರು: 0.6, 0.5, 0.7
ಬೋರ್‌ವೆಲ್ ನೀರು ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿದ್ದು: 1.8, 2.0, 1.6
ಊರಿನ ಶುದ್ಧ ನೀರಿನ ಘಟಕದ್ದು (5 ರೂಪಾಯಿ ಕಾಯಿನ್ ಹಾಕಿ ತರೋದು): 4.1, 3.9, 4.0
ಮಳೆ ನೀರು: 5.2, 5.0, 2.1

ಈಗ ಎರಡು ತಲೆನೋವು. ಒಂದು, ಹಾಳೆಯ ಮೇಲೆ ಅವಳಿಗೆ ಎಲ್ಲವೂ ಬೇಕು. ಉದ್ದೇಶ, ಸಾಮಗ್ರಿ, ವಿಧಾನ, ವೀಕ್ಷಣೆ, ತೀರ್ಮಾನ, ನೀರಿನ ಮಹತ್ವ 10 ಅಂಶ, ನೀರಿನ ಮೇಲೆ ಒಂದು ಪದ್ಯ, ಭೂಮಿಯ ಚಿತ್ರ, ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋ. ಇಷ್ಟೆಲ್ಲ ಹಿಡಿಸಲ್ಲ ಅಂದಿದ್ದಕ್ಕೆ ಮುಖ ಊದಿಸಿಕೊಂಡು ಕೂತಿದ್ದಾಳೆ. ಎರಡು, ಮಳೆ ನೀರಿನ ಮೂರನೇ ಅಳತೆ ಕೆಟ್ಟುಹೋಗಿದೆ. ಅದನ್ನು ಸುಮ್ನೆ ಬಿಟ್ಟುಬಿಟ್ಟರೆ ತಪ್ಪಾ?

ನಾನು ಕಿರಾಣಿ ಅಂಗಡಿಯವನು. ಪಿಯುಸಿಗೇ ವಿಜ್ಞಾನಕ್ಕೆ ಕೈ ಮುಗಿದವನು. ಸ್ವಲ್ಪ ದಾರಿ ತೋರಿಸಿ.

ಮಂಗಳೂರು ಮಳೆ · ಸೋಮವಾರ ರಾತ್ರಿ 9:52

ಮಳೆ ನೀರು ಬೇಕಿದ್ದರೆ ಹೇಳಿ ಮಾರಾಯ್ರೆ, ಇಲ್ಲಿಂದ ಟ್ಯಾಂಕರಲ್ಲಿ ಕಳಿಸ್ತೇನೆ.

ತಮಾಷೆ ಬಿಡಿ. ಪದ್ಯ ಮೊದಲು ತೆಗೆಯಿರಿ.

ಡಿಟಿಪಿ ಅಣ್ಣ, ಹುಬ್ಬಳ್ಳಿ · ಸೋಮವಾರ ರಾತ್ರಿ 10:05

ನಮ್ಮ ಅಂಗಡಿಗೆ ಪ್ರದರ್ಶನದ ಹಿಂದಿನ ದಿನ ಅಪ್ಪಂದಿರ ಸಾಲೇ ನಿಂತಿರುತ್ತದೆ ನೋಡ್ರಿ. ಎಲ್ಲರಿಗೂ ಫ್ಲೆಕ್ಸ್ ಬೇಕು, ಹಿಂದೆ ನೀಲಿ ಆಕಾಶ, ಮೂಲೆಯಲ್ಲಿ ಐನ್‌ಸ್ಟೈನ್. ನಾನು ಮಾಡಿಕೊಡುತ್ತೇನೆ, ದುಡ್ಡು ತಗೊಳ್ತೇನೆ. ಆದರೆ ನಿಮಗೆ ಹೇಳೋದಾದರೆ, ಎ3ಗೆ ಪ್ರಿಂಟೇ ಬೇಡ. ಕೈಯಲ್ಲಿ ಬರೆಸಿ.

ಅಪ್ಪಟ ವಾದಿ · ಸೋಮವಾರ ರಾತ್ರಿ 10:11

ಕೈಬರಹ ಅಂದರೆ ಮುಗಿದೇ ಹೋಯ್ತು. ಪಕ್ಕದ ಹುಡುಗ ಹೊಳೆಯುವ ಪ್ರಿಂಟ್ ತಂದಿರುತ್ತಾನೆ, ಬಹುಮಾನ ಅವನಿಗೇ. ನಮ್ಮ ಮಗನ ಶಾಲೆಯಲ್ಲಿ ಎರಡು ವರ್ಷ ಇದನ್ನೇ ನೋಡಿದ್ದೇನೆ. ಪ್ರಿಂಟ್ ಹಾಕಿಸಿ, ಆದರ್ಶ ಆಮೇಲೆ.

ನಿವೃತ್ತ ಮೇಷ್ಟ್ರು, ದಾವಣಗೆರೆ · ಮಂಗಳವಾರ ಬೆಳಿಗ್ಗೆ 6:15

ಚಿಂತಾಮಣಿಯವರೇ, ಮಗಳ ಪ್ರಯೋಗ ನೋಡಿ ಖುಷಿಯಾಯಿತು. ನಾನು ಹೈಸ್ಕೂಲಿನಲ್ಲಿ 31 ವರ್ಷ ವಿಜ್ಞಾನ ಹೇಳಿಕೊಟ್ಟವನು. ಮಕ್ಕಳ ವಿಜ್ಞಾನ ಸಮಾವೇಶ 1993ರಲ್ಲಿ ಶುರುವಾಯಿತು, ನಮ್ಮಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಅದನ್ನು ನಡೆಸಿಕೊಂಡು ಬಂದಿದೆ. ಅದಕ್ಕೆ ಎಷ್ಟೋ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ, ಬೇರೆ ಕಡೆ ತೀರ್ಪುಗಾರನಾಗಿಯೂ ಕೂತಿದ್ದೇನೆ. ತೀರ್ಪುಗಾರರ ಕಡೆಯಿಂದ ಒಂದು ಮಾತು ಹೇಳುತ್ತೇನೆ.

ನಾವು ಒಂದು ಹಾಳೆಯ ಮುಂದೆ ನಿಲ್ಲುವುದು ಎರಡು ನಿಮಿಷ, ಜಾಸ್ತಿ ಅಂದರೆ ಮೂರು. 40 ಮಕ್ಕಳಿರುತ್ತಾರೆ, ಊಟದ ಹೊತ್ತಾಗಿರುತ್ತದೆ. ಓದಲು ಆಗುವುದಿಲ್ಲ. ಮಗುವಿನ ಮುಖ ನೋಡಿ "ಏನಮ್ಮಾ ಮಾಡಿದ್ದು?" ಅಂತ ಕೇಳುತ್ತೇವೆ. ಆಗ ಅವಳು ಬೆರಳು ತೋರಿಸಿ ಮಾತಾಡಲು ಏನು ಬೇಕೋ ಅಷ್ಟು ಹಾಳೆಯ ಮೇಲಿದ್ದರೆ ಸಾಕು. "ವಿಧಾನ" ಅಂತ ಹೇಳಿ ಹಾಳೆಯ ಕಡೆ ತಿರುಗಿ, ನಮಗೆ ಬೆನ್ನು ಹಾಕಿ, ಗಿಣಿಪಾಠ ಓದಿದ ಮಕ್ಕಳನ್ನು ಬಹಳ ನೋಡಿದ್ದೇನೆ. ಪಾಪ, ಅವರ ತಪ್ಪಲ್ಲ. ಹಾಳೆಯೇ ಹಾಗಿರುತ್ತಿತ್ತು.

ಆದ್ದರಿಂದ ಮಹತ್ವದ 10 ಅಂಶ ಬೇಡ. ಭೂಮಿ ಬೇಡ. ವಿಶ್ವೇಶ್ವರಯ್ಯನವರ ಮೇಲೆ ನನಗೂ ಗೌರವ ಇದೆ, ಆದರೆ ಈ ನೊರೆಗೂ ಅವರಿಗೂ ಸಂಬಂಧ ಇಲ್ಲ.

ಇನ್ನು ಆ 2.1. ಅದನ್ನು ಬಿಡಬೇಡಿ! ಅದು ಕೆಟ್ಟ ಅಳತೆ ಅಂತ ನಿಮಗೆ ಹೇಗೆ ಗೊತ್ತಾಯಿತು? ನಿಮಗೆ ಇಷ್ಟವಾಗಲಿಲ್ಲ, ಅಷ್ಟೇ ತಾನೆ? ಆ ಮೂರನೇ ಸಲ ಏನು ಬೇರೆ ಇತ್ತು ಅಂತ ಮಗಳನ್ನೇ ಕೇಳಿ. ಬಾಟಲಿ ತೊಳೆದಿದ್ದಳಾ? ಅದೇ ದಿನ ಮಾಡಿದಳಾ? ಸೋಪಿನ ನೀರು ಹಳೆಯದಾಗಿ ಗಟ್ಟಿಯಾಗಿತ್ತಾ?

ಲ್ಯಾಬ್ ಹುಡುಗಿ · ಮಂಗಳವಾರ ಬೆಳಿಗ್ಗೆ 8:30

ಮೇಷ್ಟ್ರ ಮಾತಿಗೆ ನೂರು ನಮಸ್ಕಾರ. ನಾನು ಬೆಂಗಳೂರಲ್ಲಿ ಪಿಎಚ್‌ಡಿ ಮಾಡ್ತಿದ್ದೇನೆ, ವರ್ಷಕ್ಕೆ ಒಂದೆರಡು ಪೋಸ್ಟರ್ ಮಾಡೋದು ನಮ್ಮ ಹಣೆಬರಹ. ನಮ್ಮದು ಎ0 ಅಳತೆ, ಅಂದರೆ ಎ3ನ ಎಂಟು ಹಾಳೆ ಜೋಡಿಸಿದಷ್ಟು. ಅದರಲ್ಲೂ ತುಂಬಿಸಿ ತುಂಬಿಸಿ ಯಾರೂ ಓದದ ಹಾಗೆ ಮಾಡ್ತೇವೆ. 2019ರಲ್ಲಿ ಮೈಕ್ ಮಾರಿಸನ್ ಅನ್ನೋ ಅಮೆರಿಕದ ಪಿಎಚ್‌ಡಿ ವಿದ್ಯಾರ್ಥಿ ಇದರಿಂದ ಬೇಸತ್ತು ಒಂದು ವಿಡಿಯೋ ಮಾಡಿದ. ಪೋಸ್ಟರಿನ ನಟ್ಟನಡುವೆ ದೊಡ್ಡಕ್ಷರದಲ್ಲಿ ಒಂದೇ ಒಂದು ವಾಕ್ಯ, ನೀವು ಏನು ಕಂಡುಕೊಂಡಿರಿ ಅಂತ, ಆಡುಮಾತಿನಲ್ಲಿ. ಉಳಿದದ್ದೆಲ್ಲ ಪಕ್ಕಕ್ಕೆ ಸಣ್ಣದಾಗಿ. ಸಮ್ಮೇಳನಗಳಲ್ಲಿ ಈಗ ಆ ಥರದ್ದು ಬೇಕಾದಷ್ಟು ಕಾಣುತ್ತವೆ.

ನಿಮ್ಮ ಮಗಳ ಆ ಒಂದು ವಾಕ್ಯ ಯಾವುದು? ಅವಳನ್ನೇ ಕೇಳಿ. ಪುಸ್ತಕದ ಭಾಷೆ ಬೇಡ, ಅಜ್ಜಿಗೆ ಹೇಳೋ ಹಾಗೆ ಹೇಳಲಿ.

ನಕ್ಷೆ ಬಗ್ಗೆ. ರೇಖಾನಕ್ಷೆ ಹಾಕಬೇಡಿ. ಬೋರ್‌ವೆಲ್ ನೀರಿಗೂ ಮಳೆ ನೀರಿಗೂ ನಡುವೆ ಗೆರೆ ಎಳೆದರೆ ಆ ಗೆರೆಗೆ ಅರ್ಥ ಏನು? ಇವು ಬೇರೆ ಬೇರೆ ಜಾತಿಯ ನೀರು. ಸ್ತಂಭ ನಕ್ಷೆಯೇ ಸರಿ. ಮತ್ತೆ ನಿಮಗೊಂದು ಅದೃಷ್ಟ ಇದೆ. ಅಳೆದದ್ದು ಸೆಂಟಿಮೀಟರು, ದೊಡ್ಡದು 5.2. ಹಾಗಾಗಿ ನಕ್ಷೆಗೆ "ಇಷ್ಟಕ್ಕೆ ಇಷ್ಟು" ಅನ್ನೋ ಪ್ರಮಾಣವೇ ಬೇಕಿಲ್ಲ. ನೊರೆ ಎಷ್ಟು ಎತ್ತರ ಇತ್ತೋ ಕಂಬವೂ ಅಷ್ಟೇ ಎತ್ತರ ಬರೆಯಿರಿ. ಬೋರ್‌ವೆಲ್ ಕಂಬ ಉಗುರಿನಷ್ಟು, ಮಳೆ ನೀರಿನದು ಬೆರಳಿನಷ್ಟು ಇರುತ್ತದೆ. "ಇದು ನಿಜವಾದ ಎತ್ತರ" ಅಂತ ಬರೆದುಬಿಟ್ಟರೆ ಬಾಟಲಿಯನ್ನು ಪಕ್ಕದಲ್ಲಿಟ್ಟು ಯಾರು ಬೇಕಾದರೂ ಹೋಲಿಸಬಹುದು. ಕಂಬದ ಮೇಲೆ ಮೂರು ಅಳತೆಗೂ ಮೂರು ಚುಕ್ಕಿ ಇಡಿಸಿ. ಸರಾಸರಿ ಒಂದೇ ಬರೆದರೆ 2.1ರಂಥವು ಅದರೊಳಗೆ ಬಚ್ಚಿಟ್ಟುಕೊಳ್ಳುತ್ತವೆ.

ಅಪ್ಪಟ ವಾದಿ · ಮಂಗಳವಾರ ಬೆಳಿಗ್ಗೆ 9:02

ಟಿಡಿಎಸ್ ಮೀಟರ್ ಆನ್‌ಲೈನಲ್ಲಿ ಸಿಗುತ್ತದೆ. ಅದರ ನಂಬರ್ ಹಾಕಿದರೆ ಪ್ರೊಫೆಷನಲ್ ಆಗಿ ಕಾಣುತ್ತದೆ. ಜೊತೆಗೆ "ಗಡಸು ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲು" ಅಂತ ಕೆಂಪಲ್ಲಿ ಬರೆಸಿ, ಜನ ನಿಂತು ನೋಡ್ತಾರೆ.

ಲ್ಯಾಬ್ ಹುಡುಗಿ · ಮಂಗಳವಾರ ಬೆಳಿಗ್ಗೆ 9:20

ಅಣ್ಣ, ಬೇಜಾರು ಮಾಡ್ಕೋಬೇಡಿ, ಎರಡೂ ಬೇಡ. ಟಿಡಿಎಸ್ ಮೀಟರ್ ನೀರಲ್ಲಿ ಕರಗಿದ ಲವಣ ಎಲ್ಲ ಸೇರಿ ಅಂದಾಜು ಎಷ್ಟಿದೆ ಅಂತ ಹೇಳುತ್ತದೆ. ಅಡುಗೆ ಉಪ್ಪು ಹಾಕಿದರೂ ಅದರ ನಂಬರ್ ಏರುತ್ತದೆ. ಗಡಸುತನ ಅಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ. ಎರಡೂ ಬೇರೆ ಲೆಕ್ಕ.

ಕಿಡ್ನಿ ಕಲ್ಲಂತೂ ಖಂಡಿತ ಬೇಡ. ಆ ಹುಡುಗಿ ಅಳೆದದ್ದು ನೊರೆ. "ನೀನು ಇದನ್ನು ಹೇಗೆ ಕಂಡುಕೊಂಡೆ?" ಅಂತ ಯಾರಾದರೂ ಕೇಳಿದರೆ ಅವಳು ಏನು ಹೇಳಬೇಕು? ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಇದೆ, ಐಎಸ್ 10500. ಅದರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಆದರೆ ಇವರ ಪ್ರಯೋಗದಿಂದ ಆ ಮಿಲಿಗ್ರಾಂ ಲೆಕ್ಕ ಸಿಗಲ್ಲ. ಯಾವ ನೀರು ಜಾಸ್ತಿ ಗಡಸು, ಯಾವುದು ಕಡಿಮೆ ಅಂತ ಸಾಲಾಗಿ ಜೋಡಿಸಬಹುದು, ಅಷ್ಟೇ. 8ನೇ ಕ್ಲಾಸಿಗೆ ಅದು ಬೇಕಾದಷ್ಟಾಯಿತು.

ಚಿಂತಾಮಣಿ ಅಪ್ಪ · ಮಂಗಳವಾರ ರಾತ್ರಿ 10:25

ನಿಮಗೆಲ್ಲ ಒಂದು ಕಥೆ ಹೇಳಬೇಕು.

ಮೇಷ್ಟ್ರು ಹೇಳಿದ ಹಾಗೆ ಮಗಳನ್ನು ಕೂರಿಸಿಕೊಂಡು ಕೇಳಿದೆ. ಬಾಟಲಿ ತೊಳೆದಿದ್ದಳು. ಸೋಪಿನ ನೀರೂ ಅದೇ. ಆದರೆ ಮಳೆ ನೀರು? ಮೊದಲ ಎರಡು ಸಲದ್ದು ಅಂಗಳದಲ್ಲಿ ಸ್ಟೀಲ್ ಪಾತ್ರೆ ಇಟ್ಟು ಹಿಡಿದದ್ದಂತೆ. ಅದು ಖಾಲಿಯಾಗಿತ್ತು. ಮೂರನೇ ಸಲಕ್ಕೆ ತಾರಸಿ ಪೈಪಿನ ಕೆಳಗಿರುವ ನೀಲಿ ಡ್ರಮ್ಮಿಂದ ತಂದಿದ್ದಾಳೆ. "ಅದೂ ಮಳೆ ನೀರೇ ಅಲ್ವಾ ಅಪ್ಪಾ" ಅಂದಳು.

ಅಷ್ಟರಲ್ಲಿ ಒಳಗಿಂದ ನಮ್ಮಮ್ಮ. "ಯಾವ ಡ್ರಮ್ಮು? ನೀಲಿದಾ? ಅದಕ್ಕೆ ನಾನು ದಿನಾ ಬೋರು ನೀರು ಉಳಿದಿದ್ದು ಸುರೀತೀನಲ್ಲ, ಸುಮ್ನೆ ಯಾಕೆ ಚೆಲ್ಲೋದು ಅಂತ."

ಮಗಳು ಹತ್ತು ಸೆಕೆಂಡ್ ಸುಮ್ಮನಿದ್ದು, "ಅಜ್ಜೀ!" ಅಂತ ಕಿರುಚಿದಳು. ಈಗ ಮನೆಯಲ್ಲಿ ಯುದ್ಧ. ನನಗೆ ಮಾತ್ರ ನಗು ತಡೆಯಲಾಗುತ್ತಿಲ್ಲ.

ನಿವೃತ್ತ ಮೇಷ್ಟ್ರು, ದಾವಣಗೆರೆ · ಮಂಗಳವಾರ ರಾತ್ರಿ 10:40

ಭೇಷ್! ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ. ಇಡೀ ಪ್ರಯೋಗದಲ್ಲಿ ಅತ್ಯಂತ ಬೆಲೆಬಾಳುವ ಅಳತೆ ಆ 2.1. ನಾಲ್ಕು ಥರದ ನೀರು ಅಂದುಕೊಂಡಿದ್ದು ನಿಜವಾಗಿ ಐದು ಥರ. ನೊರೆ ಅದನ್ನು ಹಿಡಿದುಕೊಟ್ಟಿತು. ಅಳತೆಯ ಮೇಲೆ ನಂಬಿಕೆ ಬರಲು ಇದಕ್ಕಿಂತ ಏನು ಬೇಕು?

ಒಂದು ಮಾತು ಮಾತ್ರ ಎಚ್ಚರ. ತಾರಸಿಯ ಸಿಮೆಂಟಿನಿಂದಲೂ ಸ್ವಲ್ಪ ಸುಣ್ಣ ಇಳಿದಿರಬಹುದು. ಎಲ್ಲ ಅಪರಾಧವನ್ನೂ ಅಜ್ಜಿಯ ತಲೆಗೆ ಕಟ್ಟಬೇಡಿ. "ಬೋರ್‌ವೆಲ್ ನೀರು ಬೆರೆತದ್ದು ಕಾರಣ ಇರಬಹುದು" ಅಂತ ಬರೆಯಲಿ, ಇರಬಹುದು ಅನ್ನುವುದು ಮುಖ್ಯ. ಡ್ರಮ್ಮಿನ ನೀರನ್ನು ಇನ್ನೆರಡು ಸಲ ಅಳೆಯಲಿ. ನಿಜವಾದ ಮಳೆ ನೀರು ಮತ್ತೆ ಸಿಗದಿದ್ದರೆ ಎರಡೇ ಅಳತೆ ಅಂತ ಹಾಕಲಿ, ಅವಮಾನ ಏನಿಲ್ಲ.

ಮಂಗಳೂರು ಮಳೆ · ಮಂಗಳವಾರ ರಾತ್ರಿ 10:44

ಅಜ್ಜಿಯನ್ನು ಸಹ ಸಂಶೋಧಕಿ ಅಂತ ಹಾಕಬೇಕು ಪೋಸ್ಟರಲ್ಲಿ.

ನ್ಯೂಜೆರ್ಸಿ ಅಮ್ಮ · ಬುಧವಾರ ಬೆಳಿಗ್ಗೆ 7:10

ಬಿದ್ದು ಬಿದ್ದು ನಕ್ಕೆ. ನಾನು ಮೂಲತಃ ಕೋಲಾರದವಳು, ಆ ನೀರಿನ ಕಷ್ಟ ಗೊತ್ತು. ಮದುವೆಯಾಗಿ ಇಲ್ಲಿಗೆ ಬಂದು ಮೊದಲ ಸಲ ತಲೆಗೆ ಸ್ನಾನ ಮಾಡಿದಾಗ ನೊರೆ ಹೋಗೋದೇ ಇಲ್ಲ ಅಂತ ಗಾಬರಿಯಾಗಿದ್ದೆ.

ಇಲ್ಲಿ ಶಾಲೆಗಳಲ್ಲಿ ಮೂರು ಮಡಿಕೆಯ ರಟ್ಟು ಸಿಗುತ್ತದೆ, ಬಿಚ್ಚಿದರೆ 48 ಇಂಚು ಅಗಲ, 36 ಇಂಚು ಎತ್ತರ. ಮಗ ಅದನ್ನು ತುಂಬಿಸಲು ಏನೇನೋ ಸೇರಿಸುತ್ತಿದ್ದ. ಹೋದ ವರ್ಷ ಅವರ ಟೀಚರ್ ಬೇರೆ ದಾರಿ ಹಿಡಿದರು. ಆಫೀಸ್ ಫೈಲಿನ ರಟ್ಟು ಇರುತ್ತದಲ್ಲ, ಅದನ್ನು ಬಿಚ್ಚಿ ಅದರೊಳಗೇ ಪೋಸ್ಟರ್ ಮಾಡಬೇಕು. ಮೊದಲ ದಿನ ಏನೂ ಅಂಟಿಸೋ ಹಾಗಿಲ್ಲ. ಎಲ್ಲವನ್ನೂ ಬಿಡಿ ಚೀಟಿಯಲ್ಲಿ ಬರೆದು ಸುಮ್ಮನೆ ಜೋಡಿಸಿಡಬೇಕು. ಪಕ್ಕದ ಮಗು ಬಂದು ನೋಡಿ, ಅರ್ಥವಾಗದ ಕಡೆ ಪೆನ್ಸಿಲಲ್ಲಿ ಪ್ರಶ್ನೆ ಬರೆದು ಹೋಗುತ್ತದೆ. ಮರುದಿನ ತಿದ್ದಿ ಅಂಟಿಸೋದು. ನನ್ನ ಮಗನ ನಕ್ಷೆಯ ಮೇಲೆ ಒಂದು ಹುಡುಗಿ "ಈ ಅಂಕಿಗಳು ಏನು? ಕೋಳಿಗಳಾ?" ಅಂತ ಬರೆದಿದ್ದಳು. ಅವನು ಕಂಬದ ಪಕ್ಕ ಏನು ಅಳೆದದ್ದು ಅಂತಲೇ ಬರೆದಿರಲಿಲ್ಲ.

ನೀವೂ ಎರಡು ಎ4 ಹಾಳೆ ಪಕ್ಕಪಕ್ಕ ಟೇಪ್ ಹಾಕಿದರೆ ಎ3 ಆಗುತ್ತದೆ. ಅದರ ಮೇಲೆ ಚೀಟಿ ಜೋಡಿಸಿ ನೋಡಿ. ಪ್ರಯೋಗದ ಬಗ್ಗೆ ಏನೂ ಗೊತ್ತಿಲ್ಲದ ಯಾರಿಗಾದರೂ ತೋರಿಸಿ, ಬಾಯಿ ಬಿಡದೆ ಪಕ್ಕ ನಿಲ್ಲಿ.

ಸೋಪಿನಂಗಡಿ · ಬುಧವಾರ ಬೆಳಿಗ್ಗೆ 9:35

ಒಂದು ವಿಷಯ ಯಾರೂ ಕೇಳಲಿಲ್ಲ. ಯಾವ ಸೋಪು? ಬಟ್ಟೆ ಒಗೆಯುವ ಪೌಡರ್, ಪಾತ್ರೆ ತೊಳೆಯುವ ಲಿಕ್ವಿಡ್ ಇವೆಲ್ಲ ಡಿಟರ್ಜೆಂಟ್. ಅವು ಗಡಸು ನೀರಲ್ಲೂ ನೊರೆ ಕೊಡುತ್ತವೆ, ಅದಕ್ಕೇ ಬಂದದ್ದು ಅವು. ಎಣ್ಣೆ, ಕೊಬ್ಬಿನಿಂದ ಮಾಡಿದ ಸೋಪು ಮಾತ್ರ ಕ್ಯಾಲ್ಸಿಯಂ ಸಿಕ್ಕ ಕೂಡಲೇ ಮೊಸರೊಡೆದ ಹಾಗೆ ಗಸಿಯಾಗಿ ಹೋಗುತ್ತದೆ. ಬಕೆಟ್ ಅಂಚಿಗೆ ಜಿಡ್ಡಾಗಿ ಕೂರುತ್ತಲ್ಲ, ಅದೇ. ಪೊಟ್ಟಣದ ಮೇಲೆ ಟಿಎಫ್‌ಎಂ, ಅಂದರೆ ಸೋಪಿನಲ್ಲಿ ಕೊಬ್ಬಿನ ಅಂಶ ಶೇಕಡಾ ಎಷ್ಟು ಅಂತ ಬರೆದಿರುತ್ತದೆ. 76ರ ಮೇಲಿದ್ದರೆ ಒಂದನೇ ದರ್ಜೆ. ಅದನ್ನು ಪೋಸ್ಟರಿನಲ್ಲಿ ಬರೆಯಲಿ, "ಸೋಪು" ಅಂತಷ್ಟೇ ಬರೆದರೆ ಬೇರೆಯವರು ಮಾಡಿ ನೋಡಿದಾಗ ಬೇರೆ ಉತ್ತರ ಬರುತ್ತದೆ. ಮತ್ತೆ ಸೋಪು ಕರಗಿಸಿದ್ದು ಯಾವ ನೀರಲ್ಲಿ? ಬೋರ್‌ವೆಲ್ ನೀರಲ್ಲಾದರೆ ಎಲ್ಲ ಕೆಟ್ಟಿತು.

ಚಿಂತಾಮಣಿ ಅಪ್ಪ · ಬುಧವಾರ ಮಧ್ಯಾಹ್ನ 1:15

ಘಟಕದ ನೀರಲ್ಲೇ ಕರಗಿಸಿದ್ದು, ಅದು ಅವರ ಮೇಡಂ ಹೇಳಿಕೊಟ್ಟಿದ್ದು. ಸೋಪು ಮೈಸೂರು ಸ್ಯಾಂಡಲ್. ನಮ್ಮಮ್ಮನದ್ದು. ಕೇಳದೆ ತುರಿದಿದ್ದಾಳೆ, ಆ ಜಗಳ ಬೇರೆ ಬಾಕಿ ಇದೆ. ಡ್ರಮ್ಮಿನ ನೀರು ಇನ್ನೆರಡು ಸಲ ಅಳೆದದ್ದು 2.3 ಮತ್ತು 2.0. ಮಳೆ ಬರಲಿಲ್ಲ.

ಇವತ್ತು ಚೀಟಿ ಜೋಡಿಸುತ್ತೇವೆ. ತಲೆಬರಹ ಮಾತ್ರ ಪ್ರಿಂಟ್ ಮಾಡಿಸೋಣ ಅಂತ ಆಸೆ. ಮೊಬೈಲಲ್ಲಿ ಟೈಪ್ ಮಾಡಿ ಇಲ್ಲಿನ ಅಂಗಡಿಗೆ ಕಳಿಸಿದೆ. ಬಂದದ್ದು ನೋಡಿದರೆ ಅಕ್ಷರ ಒಂದು ಕಡೆ, ಒತ್ತು ಒಂದು ಕಡೆ. ಏನಿದು?

ಡಿಟಿಪಿ ಅಣ್ಣ, ಹುಬ್ಬಳ್ಳಿ · ಬುಧವಾರ ಮಧ್ಯಾಹ್ನ 2:00

ಇದು ದಿನಾ ನೋಡೋ ರೋಗ. ನಿಮ್ಮ ಮೊಬೈಲಿನ ಕನ್ನಡ ಯುನಿಕೋಡ್, ಅಂದರೆ ಈಗ ಎಲ್ಲ ಕಡೆ ಓಡುವ ಅಕ್ಷರ ಸಂಕೇತ. ಅಂಗಡಿಯಲ್ಲಿ ಇನ್ನೂ "ನುಡಿ", "ಬರಹ" ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೇ ಫಾಂಟುಗಳೇ ಓಡುತ್ತಿರುತ್ತವೆ. ಹಳೇ ಡಿಸೈನ್ ಸಾಫ್ಟ್‌ವೇರಿಗೆ ಯುನಿಕೋಡ್ ಒತ್ತಕ್ಷರ ಜೋಡಿಸಲು ಬರೋದಿಲ್ಲ. ಅದಕ್ಕೆ ಅಕ್ಷರ ಕಳಿಸಬೇಡಿ, ಪಿಡಿಎಫ್ ಮಾಡಿ ಕಳಿಸಿ. ಆಗದಿದ್ದರೆ ಫೋಟೋ ಮಾಡಿ ಕಳಿಸಿ. ಫಾಂಟ್ ಬೇಕಿದ್ದರೆ ನೋಟೋ ಸ್ಯಾನ್ಸ್ ಕನ್ನಡ ಚೆನ್ನಾಗಿದೆ. ತಲೆಬರಹಕ್ಕೆ ಬಾಲೂ ತಮ್ಮ ಅಂತ ಒಂದಿದೆ, ದಪ್ಪಗೆ ಮುದ್ದಾಗಿದೆ. ಎರಡೂ ಬಿಟ್ಟಿ.

ಆದರೂ ನನ್ನ ಮಾತು ಅದೇ. ಕೈಯಲ್ಲಿ ಬರೆಸ್ರಿ. ಬರೆಯುವಾಗ ಒಂದು ತಂತ್ರ. ಇಂಗ್ಲಿಷ್ ಹಾಗಲ್ಲ ನಮ್ಮ ಲಿಪಿ, ಕೆಳಗೆ ಒತ್ತು ಇಳಿಯುತ್ತದೆ, ಮೇಲೆ ಗುಡಿಸು ಏರುತ್ತದೆ. ಪೆನ್ಸಿಲಿನಲ್ಲಿ ಗೆರೆ ಹಾಕುವಾಗ ಅಕ್ಷರದ ಎತ್ತರದಷ್ಟೇ ಜಾಗ ಸಾಲುಗಳ ನಡುವೆ ಖಾಲಿ ಬಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ "ಷ್ಟ್ರ" ಬಂದು ಕೆಳಗಿನ ಸಾಲಿನ "ಕೀ" ತಲೆ ಮೇಲೆ ಕೂರುತ್ತದೆ. ತಲೆಬರಹದ ಅಕ್ಷರ ಒಂದು ಇಂಚು. ಒಳಗಿನದ್ದು 6-7 ಮಿಲಿಮೀಟರಿಗಿಂತ ಸಣ್ಣದು ಬೇಡ. ಡೆಸ್ಕಿನ ಈಚೆ ನಿಂತವರಿಗೆ ಕಾಣಬೇಕಲ್ಲ. ನಾಲ್ಕೂ ಕಡೆ ಎರಡು ಸೆಂಟಿಮೀಟರ್ ಅಂಚು.

ಬಣ್ಣ ಎರಡು ಸಾಕು. ಕಪ್ಪು ಅಥವಾ ನೀಲಿಯಲ್ಲಿ ಬರಹ, ಕಂಬಗಳಿಗೆ ಇನ್ನೊಂದು. ಹಳದಿ ಸ್ಕೆಚ್ ಪೆನ್ನಲ್ಲಿ ಬರೆದರೆ ದೇವರಿಗೂ ಕಾಣಲ್ಲ. ಅಂಟಿಸಲು ನೀರು ಗಮ್ ಬೇಡ, ಹಾಳೆ ಸುಕ್ಕಾಗುತ್ತದೆ. ಕಡ್ಡಿ ಗಮ್ ಅಥವಾ ಡಬಲ್ ಸೈಡ್ ಟೇಪ್. ಹಿಂದೆ ನಿಮ್ಮ ಅಂಗಡಿಯ ಬಿಸ್ಕತ್ ಡಬ್ಬದ ರಟ್ಟು ಕೊಡಿ, ಫೋಟೋ ಫ್ರೇಮಿಗೆ ಇರುವಂಥ ಕಾಲು ಮಾಡಿದರೆ ತಾನೇ ನಿಲ್ಲುತ್ತದೆ. ಸಂಪೂರ್ಣ ಉಚಿತ.

ನಿವೃತ್ತ ಮೇಷ್ಟ್ರು, ದಾವಣಗೆರೆ · ಬುಧವಾರ ಸಂಜೆ 5:30

ಕುದಿಸಿದ ನೀರಿನ ಬಗ್ಗೆ ಮಗಳಿಗೆ ಖಂಡಿತ ಪ್ರಶ್ನೆ ಬರುತ್ತದೆ, ತಯಾರಿ ಮಾಡಿಸಿ. 0.6 ಇದ್ದದ್ದು 1.8 ಆಯಿತು, ಆದರೆ 4ಕ್ಕೆ ಏಕೆ ಹೋಗಲಿಲ್ಲ? ಗಡಸುತನದಲ್ಲಿ ಎರಡು ಬಗೆ. ಬೈಕಾರ್ಬನೇಟಿನದ್ದು ಕುದಿಸಿದರೆ ಹೋಗುತ್ತದೆ, ಅದು ತಾತ್ಕಾಲಿಕ. ಸಲ್ಫೇಟ್, ಕ್ಲೋರೈಡುಗಳದ್ದು ಎಷ್ಟು ಕುದಿಸಿದರೂ ಹೋಗುವುದಿಲ್ಲ. ಹಂಡೆಯಲ್ಲಿ ಕಟ್ಟಿದ ಬಿಳಿ ಪದರ ಇದೆಯಲ್ಲ, ಅದು ಕುದಿಸಿದಾಗ ಒಡೆದು ಹೊರಬಿದ್ದ ಭಾಗ, ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬನೇಟ್. ಅದನ್ನು ಚಮಚದಲ್ಲಿ ಕೆರೆದು ಪುಡಿ ಮಾಡಿ ಒಂದು ಸಣ್ಣ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಹಾಕಿ ಪೋಸ್ಟರಿನ ಮೂಲೆಗೆ ಅಂಟಿಸಲಿ. ಇನ್ನೊಂದಿಷ್ಟು ತಟ್ಟೆಯಲ್ಲಿ ಇಟ್ಟುಕೊಂಡು, ಕೇಳಿದವರಿಗೆ ಅದರ ಮೇಲೆ ನಿಂಬೆರಸ ಹಿಂಡಿ ತೋರಿಸಲಿ. ಬುಳುಬುಳು ಅಂತ ಗುಳ್ಳೆ ಏಳುತ್ತದೆ. ನೂರು ಪದ ಬರೆಯುವುದು ಉಳಿಯಿತು.

"ಪ್ರಾಕ್ಕಲ್ಪನೆ", "ಸ್ವತಂತ್ರ ಚರ" ಇಂಥ ಪದಗಳು ಬೇಡ. "ನನ್ನ ಊಹೆ" ಅಂದರೆ ಸಾಕು. "ಬದಲಾಯಿಸಿದ್ದು: ನೀರು ಮಾತ್ರ. ಹಾಗೇ ಇಟ್ಟಿದ್ದು: ಬಾಟಲಿ, ಸೋಪು, 20 ಕುಲುಕು." ಇಷ್ಟು ಬರೆದರೆ ಅವೆಲ್ಲ ಬಂದ ಹಾಗೆಯೇ.

ಅಪ್ಪಟ ವಾದಿ · ಬುಧವಾರ ಸಂಜೆ 6:10

ನಿಂಬೆಹಣ್ಣಿನ ಐಡಿಯಾ ಒಪ್ಪಿದೆ. ಪ್ರಿಂಟ್ ವಿಷಯದಲ್ಲಿ ನನ್ನ ಮಾತು ವಾಪಸ್ ತಗೊಳ್ಳಲ್ಲ.

ಚಿಂತಾಮಣಿ ಅಪ್ಪ · ಶುಕ್ರವಾರ ರಾತ್ರಿ 11:20

ಮುಗಿಯಿತು. ಎರಡು ದಿನ ಚೀಟಿ ಅತ್ತ ಇತ್ತ ಸರಿಸಿದ್ದೇ ಸರಿಸಿದ್ದು. ಹಾಳೆ ಅಡ್ಡ ಇಟ್ಟಿದ್ದಾಳೆ. ಏನಿದೆ ಅಂತ ಹೇಳುತ್ತೇನೆ.

ಮೇಲೆ ತಲೆಬರಹ, ಅವಳದ್ದೇ ಮಾತು: "ನೀರು ಗಡಸಾದಷ್ಟೂ ಸೋಪಿನ ನೊರೆ ಕುಗ್ಗುತ್ತದೆ. ನಮ್ಮ ಡ್ರಮ್ಮಿನ ಗುಟ್ಟೂ ಹೀಗೇ ರಟ್ಟಾಯಿತು." ಎರಡನೇ ವಾಕ್ಯ ಬೇಡ ಅಂದೆ, ಕೇಳಲಿಲ್ಲ.

ನಡುವೆ ಐದು ಕಂಬ. 0.6, 1.8, 2.1, 4.0, 5.1, ನಿಜವಾದ ಎತ್ತರದಲ್ಲೇ. ಚುಕ್ಕಿಗಳಿವೆ. ಮಳೆ ನೀರಿನ ಕಂಬದ ಕೆಳಗೆ "ನೀರು ಮುಗಿಯಿತು, ಎರಡೇ ಅಳತೆ" ಅಂತ ಇದೆ. ಎಡಕ್ಕೆ ಬಾಟಲಿಯ ಚಿತ್ರ, ಅದರಲ್ಲಿ ಎಲ್ಲಿಂದ ಎಲ್ಲಿಗೆ ಅಳೆದದ್ದು ಅಂತ ಬಾಣದ ಗುರುತು. ವಿಧಾನ ನಾಲ್ಕು ಸಾಲು. ಬಲಕ್ಕೆ ಊಹೆ. "ಕುದಿಸಿದರೆ ಬೋರ್‌ವೆಲ್ ನೀರು ಮಳೆ ನೀರಿನಂತೆ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ." ಅದರ ಕೆಳಗೆ ಡ್ರಮ್ಮಿನ ಕಥೆ ಮೂರು ಸಾಲಲ್ಲಿ, "ಇರಬಹುದು" ಸಮೇತ. ಮೂಲೆಯಲ್ಲಿ ಹಂಡೆಯ ಬಿಳಿ ಪುಡಿ.

ಗುರುವಾರ ನಮ್ಮ ಅಂಗಡಿಗೆ ಹಾಲು ಹಾಕುವ ಹುಡುಗನಿಗೆ ತೋರಿಸಿದೆವು, ನ್ಯೂಜೆರ್ಸಿ ಮೇಡಂ ಹೇಳಿದ ಹಾಗೆ ಬಾಯಿ ಮುಚ್ಚಿಕೊಂಡು. ಅವನು ನೋಡಿ ನೋಡಿ, "ಇದು ಸೋಪಿನ ಎತ್ತರನಾ, ನೀರಿನ ಎತ್ತರನಾ?" ಅಂದ. ಆ ಬಾಣದ ಗುರುತು ಬಂದದ್ದು ಹಾಗೆ. ಪದ್ಯ ಹಾಳೆಯ ಹಿಂಬದಿಗೆ ಹೋಗಿದೆ. ಅದೊಂದು ರಾಜಿ.

ಒಂದು ಅಕ್ಷರ ತಪ್ಪಾಗಿದೆ, "ಅಳೆತೆ" ಅಂತ ಬರೆದಿದ್ದಾಳೆ. ಮೇಲೆ ಕಾಗದ ಅಂಟಿಸಿ ತಿದ್ದೋದಾ, ಬಿಡೋದಾ?

ಡಿಟಿಪಿ ಅಣ್ಣ, ಹುಬ್ಬಳ್ಳಿ · ಶುಕ್ರವಾರ ರಾತ್ರಿ 11:31

ಅದೇ ಹಾಳೆಯ ಚೂರು ಕತ್ತರಿಸಿ, ಪದ ಪೂರ್ತಿ ಬರೆದು, ಅದರ ಮೇಲೆ ಅಂಟಿಸ್ರಿ. ವೈಟ್‌ನರ್ ಹಚ್ಚಬೇಡಿ, ಮೇಲೆ ಸ್ಕೆಚ್ ಪೆನ್ ಹರಡುತ್ತದೆ.

ಚಿಂತಾಮಣಿ ಅಪ್ಪ · ಶನಿವಾರ ಸಂಜೆ 7:45

ಪ್ರದರ್ಶನ ಆಯಿತು. ಬಹುಮಾನ ಬರಲಿಲ್ಲ. ಮೊದಲನೇದು ಬಂದದ್ದು ಯಾವ ಪಾತ್ರೆಯಲ್ಲಿ ಮೊಸರು ಬೇಗ ಹೆಪ್ಪಾಗುತ್ತದೆ ಅಂತ ನೋಡಿದ ಹುಡುಗನಿಗೆ, ಚೆನ್ನಾಗಿಯೇ ಮಾಡಿದ್ದ. ಅಪ್ಪಟ ವಾದಿಯವರೇ, ಅವನದ್ದೂ ಕೈಬರಹವೇ.

ನಿಂಬೆಹಣ್ಣು ಆರು ತಗೊಂಡು ಹೋಗಿದ್ದಳು, ಆರೂ ಖಾಲಿ. ಸಣ್ಣ ಕ್ಲಾಸಿನ ಮಕ್ಕಳು ಗುಳ್ಳೆ ನೋಡಲು ಮತ್ತೆ ಮತ್ತೆ ಬಂದರಂತೆ. ತೀರ್ಪುಗಾರರೊಬ್ಬರು ಮಳೆ ನೀರಿನ ಎರಡೇ ಚುಕ್ಕಿ ನೋಡಿ "ಮೂರನೇದು ಎಲ್ಲಿ?" ಅಂತ ಕೇಳಿದರು. ಇವಳು ಡ್ರಮ್ಮಿನ ಕಥೆ ಶುರು ಮಾಡಿದಳು. ನಮ್ಮಮ್ಮ ಅಲ್ಲೇ ಹಿಂದೆ ನಿಂತಿದ್ದರು. "ಆ ಅಜ್ಜಿ ನಾನೇ" ಅಂದುಬಿಟ್ಟರು. ಸುತ್ತ ಇದ್ದವರೆಲ್ಲ ನಕ್ಕರು.

ನ್ಯೂಜೆರ್ಸಿ ಅಮ್ಮ · ಶನಿವಾರ ರಾತ್ರಿ 8:30

ಫೋಟೋ ಹಾಕಿ ಪ್ಲೀಸ್. ಮಗನಿಗೆ ತೋರಿಸಬೇಕು.

ಲ್ಯಾಬ್ ಹುಡುಗಿ · ಶನಿವಾರ ರಾತ್ರಿ 9:05

ನನಗೂ. ಮುಂದಿನ ತಿಂಗಳು ನನ್ನದೊಂದು ಪೋಸ್ಟರ್ ಇದೆ. "ಅಂದುಕೊಂಡಿದ್ದೆ. ಆಗಲಿಲ್ಲ" ಅಂತ ಬರೆಯೋಕೆ ನಮ್ಮ ಗೈಡ್ ಬಿಡ್ತಾರಾ ಕೇಳಬೇಕು.

ಚಿಂತಾಮಣಿ ಅಪ್ಪ · ಶನಿವಾರ ರಾತ್ರಿ 9:50

ನಾಳೆ ಬೆಳಕಲ್ಲಿ ತೆಗೆದು ಹಾಕ್ತೀನಿ. ಸದ್ಯಕ್ಕೆ ಅದು ಹಿತ್ತಲ ಬಾಗಿಲ ಹತ್ತಿರ ನಿಂತಿದೆ. ನೀಲಿ ಡ್ರಮ್ಮಿಗೆ ಮಗಳು ಮುಚ್ಚಳ ಹಾಕಿ, ಮೇಲೆ ಒಂದು ಚೀಟಿ ಅಂಟಿಸಿದ್ದಾಳೆ: "ಮಳೆ ನೀರು ಮಾತ್ರ." ನಮ್ಮಮ್ಮ ಪಕ್ಕದಲ್ಲಿ ಇನ್ನೊಂದು ಡ್ರಮ್ ಬೇಕು ಅಂತ ಕೂತಿದ್ದಾರೆ.